ಪೆನ್ನಿನಲ್ಲಿ ಬರೆದ ಸೊನ್ನೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ತೀರಿಕೊಂಡವರಿಗೆ ಎಲ್ಲಿಯ ಸಿಟ್ಟು ಎಂದು ನೀವು ಕೇಳಬಹುದು; ಅವರನ್ನು ಬಲ್ಲವರು ಯಾರೂ ಹಾಗೆ ಕೇಳುವುದಿಲ್ಲ. ಮೂವತ್ತು ವರ್ಷ ಪ್ರೈಮರಿ ಶಾಲೆಯ ಮಕ್ಕಳ ಕೈಲಿ ಸಂಶೋಧನೆ ಮಾಡಿಸಿದ ಆ ಹೆಂಗಸಿನದು ಒಂದೇ ಕಟ್ಟುನಿಟ್ಟು. ಚಾರ್ಟಿನ ಕೆಳಗೆ ಎಣಿಸಿದವರ ಹೆಸರು ಇರಬೇಕು, ಅಳೆದವರ ಹೆಸರು ಇರಬೇಕು, ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡವರ ಹೆಸರು ಇರಬೇಕು. ಟೀಚರ ಹೆಸರು ಮಾತ್ರ ಎಲ್ಲಿಯೂ ಇರಕೂಡದು.

"ನೀನು ಎಣಿಸಿದ್ಯಾ? ಇಲ್ಲ ತಾನೆ? ಅಪ್ಪುರಂ ನಿನ್ನ ಹೆಸರು ಯಾಕಮ್ಮಾ?" ಎನ್ನುತ್ತಿದ್ದರು. ಅಪ್ಪುರಂ ಎಂದರೆ ತಮಿಳಿನ ಆಮೇಲೆ.

ಅವರನ್ನು ಮಕ್ಕಳು ಕರೆಯುತ್ತಿದ್ದುದು ಪೆರಿಯ ಮಿಸ್ ಎಂದು, ಅಂದರೆ ದೊಡ್ಡ ಮಿಸ್. ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದರು. ಅಷ್ಟು ಗಿಡ್ಡ ಆಳನ್ನು ದೊಡ್ಡ ಮಿಸ್ ಎಂದು ಕರೆಯುವುದರಲ್ಲಿ ನಮ್ಮ ಶಾಲೆಯ ಯಾವ ಮಗುವಿಗೂ ತಮಾಷೆ ಕಂಡಿರಲಿಲ್ಲ.

ನಾನು ಮಂಡ್ಯದವಳು. ಗಂಡನಿಗೆ ಚೆನ್ನೈಗೆ ವರ್ಗವಾಯಿತೆಂದು ಬಂದು, ವೇಲಚೇರಿಯ ಈ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತಾರು. ತಮಿಳು ಅರ್ಧಂಬರ್ಧ, ಇಂಗ್ಲಿಷ್ ಹೆದರಿಕೆಯದು, ಆದರೆ ಅಕ್ಷರ ಮಾತ್ರ ಮುದ್ದು. ಟ್ರೈನಿಂಗ್ ಕಾಲೇಜಿನಲ್ಲಿ ಚಾರ್ಟ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನನ್ನ ಗೆರೆ ಸ್ಕೇಲಿಲ್ಲದೆ ನೇರ ಬರುತ್ತಿತ್ತು. ಈ ಜಂಬವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ ತಪ್ಪು ಇದರಿಂದಲೇ ಹುಟ್ಟಿದ್ದು.

ಮೊದಲ ದಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಕೂರಿಸಿ ಅವರು ಕೇಳಿದ್ದು ನನ್ನ ಊರನ್ನಲ್ಲ, ಓದನ್ನಲ್ಲ. "ಬ್ಯಾಗಲ್ಲಿ ರಬ್ಬರ್ ಇದೆಯಾ?"

ಏನೋ ಬೇಕಿರಬೇಕು ಎಂದು ನನ್ನ ಹೊಚ್ಚಹೊಸ, ವಾಸನೆಯ ರಬ್ಬರನ್ನು ಕೊಟ್ಟೆ. ಅದನ್ನು ಒಂದು ದುಂಡು ಬಿಸ್ಕೆಟ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಒಳಗೆ ಅಂಥವು ಇನ್ನೂ ನೂರಾರು ಇದ್ದ ಸದ್ದಾಯಿತು. ಕೊಟ್ಟ ರಬ್ಬರ್ ವಾಪಸ್ ಬರಲಿಲ್ಲ. ಮನೆಗೆ ಹೋಗಿ ಗಂಡನಿಗೆ, "ಇಲ್ಲಿ ಸೀನಿಯರ್ರು ಹೊಸಬ್ರ ಹತ್ರ ರಬ್ಬರ್ ಕಿತ್ಕೋತಾರೆ ಕಣ್ರೀ" ಎಂದೆ. ಅವರು ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕರು.

ರಬ್ಬರಿನ ಕತೆ ಆಮೇಲೆ ತಿಳಿಯಿತು. ಪ್ರಾಜೆಕ್ಟಿನ ನೋಟ್‌ಬುಕ್ಕಿನಲ್ಲಿ ಮಕ್ಕಳು ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಹಳೆಯದು ಕಾಣುತ್ತಿರಬೇಕು. ಪ್ರಾಜೆಕ್ಟು ಶುರುವಾಗುವ ದಿನ ಅವರು ಡಬ್ಬಿ ಹಿಡಿದು ಕ್ಲಾಸಿನೊಳಗೆ ಬಂದರೆ ಮಕ್ಕಳು ಸಾಲಾಗಿ ನಿಂತು ರಬ್ಬರ್ ಹಾಕುತ್ತಿದ್ದರು. ಮುಗಿದ ಮೇಲೆ ಮಕ್ಕಳಿಗೆ ವಾಪಸ್. ಟೀಚರುಗಳದ್ದು ಮಾತ್ರ ಕಾಯಂ ಜಪ್ತಿ.

ಅವರದು ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಮಾಧ್ವರ ಮನೆ. ಅಲ್ಲಿಂದ ದಿನಾ ಮೇಲ್ಸೇತುವೆಯ ರೈಲು ಹತ್ತಿ ವೇಲಚೇರಿಗೆ ಬರುತ್ತಿದ್ದರು. ನೂಲಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದೊಳಗೆ ಟೈಲರಿನ ಟೇಪು, ದಾರದ ಉಂಡೆ, ಭೂತಗನ್ನಡಿ, ಒಂದು ಪೊಟ್ಟಣ ಹುರಿಗಡಲೆ. ಅವರ ಕನ್ನಡ ಮಾತು ಹೊರಟಾಗ ಕನ್ನಡವಾಗಿದ್ದು ತಲುಪುವ ಹೊತ್ತಿಗೆ ಅರ್ಧ ತಮಿಳಾಗಿರುತ್ತಿತ್ತು. ಒಮ್ಮೆ ಅದಕ್ಕೆ ನಾನು ಮುಖ ತಿರುಗಿಸಿ ನಕ್ಕಿದ್ದನ್ನು ನೋಡಿಬಿಟ್ಟರು.

"ನಗು ನಗು. ನಮ್ಮನೆ ಕನ್ನಡ ನೂರು ವರ್ಷ ಈ ಊರಿನ ನೀರು ಕುಡಿದಿದೆ. ನಿಂದು ನಿನ್ನೆ ತಾನೆ ರೈಲಿಳಿದಿದೆ. ಕೊಂಚ ದಿನ ಹೋಗ್ಲಿ, ಪಾರ್ಕೋಣ." ನೋಡೋಣ ಎಂಬುದು ಅವರ ಬಾಯಲ್ಲಿ ಪಾರ್ಕೋಣ.

ಈಗ ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ನಾನೂ ತರಕಾರಿಯವನ ಹತ್ತಿರ ಯಾವ ಭಾಷೆಯಲ್ಲಿ ಜಗಳವಾಡುತ್ತೇನೆಂದು ನನಗೇ ಗೊತ್ತಾಗುವುದಿಲ್ಲ. ಅವರು ಗೆದ್ದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊಸ ಟೀಚರುಗಳನ್ನೆಲ್ಲ ಒಂದು ಗಂಟೆ ಉಳಿಸಿಕೊಳ್ಳುತ್ತಿದ್ದರು. ಫ್ಲಾಸ್ಕಿನಲ್ಲಿ ಮನೆಯಿಂದಲೇ ತಂದ ಕಾಫಿ. ಕಾಫಿ ಬೇಕಾದರೆ ಒಂದು ಪ್ರಶ್ನೆ ಕೊಡಬೇಕು. ಆ ವಾರ ಯಾವುದಾದರೂ ಮಗು ಕೇಳಿದ, ನಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಮೊದಲ ವಾರಗಳಲ್ಲಿ ಕಾಫಿಯಿಲ್ಲದೆ ಕೂತೆವು. ನಾನಂತೂ ಸ್ವಲ್ಪ ಹೆಮ್ಮೆಯಿಂದಲೇ, "ಗೊತ್ತಿಲ್ದಿರೋದು ಯಾವ್ದೂ ಬರ್ಲಿಲ್ಲ ಮೇಡಂ, ಎಲ್ಲಾದಕ್ಕೂ ಹೇಳ್ಬಿಟ್ಟೆ" ಎಂದೆ.

"ಆರು ದಿನದಲ್ಲಿ ಒಂದೂ ಇಲ್ವಾ?" ಎಂದರು. "ಹಾಗಾದ್ರೆ ಆರು ದಿನವೂ ನೀನೊಬ್ಬಳೇ ಮಾತಾಡಿದ್ದೀಯ."

ಮುಂದಿನ ವಾರ ನಾನು ಸುಮ್ಮನಿರುವುದನ್ನು ಕಲಿಯಲು ಹೊರಟೆ. ನಲವತ್ತು ಮಕ್ಕಳ ಮುಂದೆ ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟವೆಂದು ನಿಂತವರಿಗೇ ಗೊತ್ತು.

ನನ್ನ ಜೊತೆಗೇ ಸೇರಿದ ಗಣಿತದ ಮೇಷ್ಟ್ರೊಬ್ಬರಿದ್ದರು, ತಿರುಚ್ಚಿ ಕಡೆಯವರು. ಅವರಿಗೆ ಈ ಸಂಶೋಧನೆಯ ಗೌಜು ಹಿಡಿಸಿರಲಿಲ್ಲ. "ಮೂರನೇ ಕ್ಲಾಸಿನ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದಕ್ಕೇ ಬರುವುದಿಲ್ಲ, ಇನ್ನು ಸಂಶೋಧನೆಯಾ?" ಎಂದು ತಮಿಳಿನಲ್ಲಿ ಕೇಳಿದರು. "ಒಂದು ಕೈಲಿ ಮೂಗು ಒರೆಸಿಕೊಂಡು ಇನ್ನೊಂದು ಕೈಲಿ ಎಣಿಸುತ್ತಾರೆ, ನೋಡ್ತಿರಿ" ಎಂದು ಪೆರಿಯ ಮಿಸ್ ತಮಿಳಿನಲ್ಲೇ ಉತ್ತರ ಕೊಟ್ಟರು. ಆ ವರ್ಷ ಮೇಷ್ಟ್ರ ಕ್ಲಾಸಿನ ಮಕ್ಕಳು ಒದ್ದೆ ಡಸ್ಟರು ಕೋಣೆಯ ಯಾವ ಮೂಲೆಯಲ್ಲಿ ಬೇಗ ಒಣಗುತ್ತದೆ ಎಂದು ನೋಡಲು ಹೊರಟವು. ಫ್ಯಾನಿನ ಕೆಳಗೆ ಎಂದು ಮೇಷ್ಟ್ರು ಪಂದ್ಯ ಕಟ್ಟಿದ್ದರು. ಗೆದ್ದದ್ದು ಕಿಟಕಿಯ ಸರಳು. ಒಂದು ಮಧ್ಯಾಹ್ನ ನಾನು ನೋಡುತ್ತೇನೆ, ಮಕ್ಕಳೆಲ್ಲ ಊಟಕ್ಕೆ ಹೋಗಿದ್ದಾರೆ, ಮೇಷ್ಟ್ರೊಬ್ಬರೇ ಒಂದೊಂದು ಡಸ್ಟರನ್ನೂ ಕೆನ್ನೆಗೆ ಒತ್ತಿಕೊಂಡು ಪರೀಕ್ಷಿಸುತ್ತಿದ್ದಾರೆ. ಪೆರಿಯ ಮಿಸ್ಸನ್ನು ಕರೆದು ತೋರಿಸಿದೆ. ಅವರು ತುಟಿಯ ಮೇಲೆ ಬೆರಳಿಟ್ಟು, ನನ್ನ ಕೈ ಹಿಡಿದು ಎಳೆದುಕೊಂಡು ಹೋದರು.

ಎಗ್ಮೋರಿನ ಮ್ಯೂಸಿಯಮ್ಮಿಗೆ ನಮ್ಮನ್ನು, ಅಂದರೆ ಟೀಚರುಗಳನ್ನೇ, ಒಂದು ಸಲ ಕರೆದುಕೊಂಡು ಹೋಗಿದ್ದರು. ಅಲ್ಲಿ ಯಾರೂ ಬೋರ್ಡು ಓದುವ ಹಾಗಿಲ್ಲ. ಒಂದು ಕಲ್ಲಿನ ಮೂರ್ತಿಯ ಮುಂದೆ ಅರ್ಧ ಗಂಟೆ ನಿಲ್ಲಿಸಿ, ಕಂಡದ್ದನ್ನು ಬರೆಯಿರಿ ಎಂದರು. ಐದು ನಿಮಿಷಕ್ಕೆ ನನ್ನದು ಮುಗಿದಿತ್ತು. ಆಕಳಿಸುತ್ತ ನಿಂತವಳಿಗೆ ಇಪ್ಪತ್ತನೆಯ ನಿಮಿಷಕ್ಕೆ ಮೂರ್ತಿಯ ಒಂದು ಪಾದದ ಬೆರಳುಗಳು ಸವೆದು ನುಣುಪಾಗಿರುವುದು ಕಂಡಿತು, ಇನ್ನೊಂದು ಪಾದ ಹಾಗಿರಲಿಲ್ಲ. ಯಾಕೆ? ಯಾರು ಮುಟ್ಟಿ ಮುಟ್ಟಿ ಹೋದರು? ಬೋರ್ಡಿನಲ್ಲಿ ಅದು ಬರೆದಿರಲಿಲ್ಲ. ಆ ದಿನ ಕಾಫಿಯ ಮೊದಲ ಲೋಟ ನನಗೆ ಸಿಕ್ಕಿತು.

ಇನ್ನು ಕಾಗೆಯ ವಿಷಯಕ್ಕೆ ಬರುತ್ತೇನೆ.

ನನ್ನ ಕ್ಲಾಸಿನಲ್ಲಿ ಕಯಲ್ ಎಂಬ ಹುಡುಗಿ ಇದ್ದಳು. ಎರಡು ಜಡೆ, ಮಾತು ಕಡಿಮೆ. ಹಿಂದಿನ ವರ್ಷ ಅವಳ ಅಪ್ಪ ತೀರಿಕೊಂಡಿದ್ದರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು, ಅಪ್ಪನ ತಾಯಿ ಅವಳನ್ನು ನೋಡಿಕೊಳ್ಳುತ್ತಿದ್ದರು. ನಾನು ಸುಮ್ಮನಿರುವುದನ್ನು ಕಲಿತ ವಾರಗಳಲ್ಲಿ ಒಂದು ದಿನ ಅವಳು ಎದ್ದು ನಿಂತು, "ಮಿಸ್, ಕಾಗೆಗೆ ಅಮಾವಾಸ್ಯೆ ಗೊತ್ತಾಗುತ್ತಾ?" ಎಂದು ಕೇಳಿದಳು.

ಚೆನ್ನೈಯಲ್ಲಿ ಬಹಳ ಮನೆಗಳಲ್ಲಿ ಅಡುಗೆಯಾದೊಡನೆ ಕಾಗೆಗೆ ಒಂದು ಹಿಡಿ ಅನ್ನ ಇಡುತ್ತಾರೆ. ಅಮಾವಾಸ್ಯೆಯಂದು ಅದು ಬರಿಯ ಕಾಗೆಯಲ್ಲ, ಹೋದ ಹಿರಿಯರು. ಕಾಗೆ ಮುಟ್ಟಿದ ಮೇಲೆಯೇ ಮನೆಯವರ ಊಟ. ಅಮಾವಾಸ್ಯೆಯ ದಿನ ಜಾಸ್ತಿ ಕಾಗೆ ಬರುತ್ತವೆ ಎಂದು ಕಯಲ್‌ಳ ಅಜ್ಜಿ ಹೇಳಿದ್ದರಂತೆ. ನಿಜವಾ ಎಂಬುದು ಅವಳ ಪ್ರಶ್ನೆ.

ಶನಿವಾರ ಅದನ್ನು ಒಯ್ದು ಕೊಟ್ಟೆ. ಪೆರಿಯ ಮಿಸ್ ಫ್ಲಾಸ್ಕನ್ನೇ ನನ್ನ ಕಡೆಗೆ ತಳ್ಳಿದರು. "ರೊಂಬ ಚೆನ್ನಾಗಿದೆ. ನಿನಗೆ ಗೊತ್ತಾ ಉತ್ತರ? ನನಗೂ ಗೊತ್ತಿಲ್ಲ. ಎಣಿಸ್ಲಿ."

ಮನೆಯಲ್ಲಿ ಕಾಗೆಗೆ ಅನ್ನ ಇಡುವ ಆರು ಮಕ್ಕಳು ಸಿಕ್ಕರು. ನಿಯಮವನ್ನು ಅವರೇ ಮಾಡಿಕೊಂಡರು: ಅನ್ನ ಇಟ್ಟ ಮೇಲೆ ಕಾಲು ಗಂಟೆ ಎಣಿಸುವುದು, ಬಂದದ್ದನ್ನು ಪೆನ್ನಿನಲ್ಲಿ ಬರೆಯುವುದು. ಒಂದೇ ಕಾಗೆ ಎರಡು ಸಲ ಬಂದರೆ ಏನು ಮಾಡುವುದೆಂದು ಎರಡು ಪೀರಿಯಡ್ ಜಗಳವಾಡಿದರು. ಗುರುತಿಟ್ಟುಕೊಳ್ಳುವುದು ಆಗದ ಮಾತು, ಆದ್ದರಿಂದ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆಯೋಣ ಎಂದು ಒಬ್ಬಳು ಹೇಳಿದಳು. ನನಗೆ ಅದು ಹೊಳೆದಿರಲಿಲ್ಲ.

ಒಂದು ತಿಂಗಳು ಎಣಿಸಿದರು. ಆ ತಿಂಗಳ ಅಮಾವಾಸ್ಯೆ ಭಾನುವಾರ ಬಂದಿತ್ತು, ಮಕ್ಕಳೆಲ್ಲ ಮನೆಯಲ್ಲೇ ಇದ್ದರು. ಮುಂದಿನ ಶನಿವಾರ ಶಾಲೆಯಲ್ಲಿ ಮಕ್ಕಳ ಪ್ರಾಜೆಕ್ಟುಗಳ ಪ್ರದರ್ಶನ. ಗುರುವಾರ ಆರೂ ನೋಟ್‌ಬುಕ್ಕುಗಳನ್ನು ನಾನು ಮನೆಗೆ ತಂದೆ. ಚಾರ್ಟನ್ನು ಮಕ್ಕಳೇ ಬರೆಯಬೇಕು ಎಂಬುದು ನಿಯಮ. ಆದರೆ ಅವರ ಅಕ್ಷರ ನೋಡಿ ನನ್ನ ಕೈ ಕಡಿಯುತ್ತಿತ್ತು. ತಂದೆತಾಯಂದಿರು ಬರುತ್ತಾರೆ, ನನ್ನ ಮೊದಲ ಪ್ರದರ್ಶನ, ಒಂದು ಚಾರ್ಟಾದರೂ ಚೆಂದ ಕಾಣಬೇಡವೇ?

ಅಮಾವಾಸ್ಯೆಯ ಸಾಲಿಗೆ ಬಂದಾಗ ಎಲ್ಲರ ಸಂಖ್ಯೆಯೂ ಇಳಿದಿತ್ತು. ಏಳೆಂಟು ಬರುತ್ತಿದ್ದ ಮನೆಗೆ ಎರಡು, ಐದು ಬರುತ್ತಿದ್ದಲ್ಲಿಗೆ ಒಂದು. ಕಯಲ್‌ಳ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಲ್ಲಿ ಬರೆದ ಒಂದು ದುಂಡನೆಯ ಸೊನ್ನೆ.

ಅಪ್ಪ ಇಲ್ಲದ ಮಗು. ಅಮಾವಾಸ್ಯೆಗೆ ಅವಳ ಮನೆಗೆ ಒಂದು ಕಾಗೆಯೂ ಬರಲಿಲ್ಲ ಎಂದು ಊರಿಗೆಲ್ಲ ಕಾಣುವಂತೆ ದಪ್ಪಕ್ಷರದಲ್ಲಿ ಹೇಗೆ ಬರೆಯಲಿ? ಆ ಅಜ್ಜಿ ಬಂದು ಇದನ್ನು ನೋಡುತ್ತಾರಲ್ಲ. ಸೊನ್ನೆಯ ಜಾಗದಲ್ಲಿ ಮೂರು ಎಂದು ಬರೆದೆ. ಮುದ್ದಾದ ಮೂರು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮಲಗಿದೆ.

ಶುಕ್ರವಾರ ಮಧ್ಯಾಹ್ನ ಪೆರಿಯ ಮಿಸ್ ಚಾರ್ಟು ನೋಡಲು ಬಂದರು. ನೋಡುವುದೆಂದರೆ ಅವರ ರೀತಿಯಲ್ಲಿ: ನೆಲದ ಮೇಲೆ ಚಾರ್ಟು ಹಾಸಿ, ಪಕ್ಕದಲ್ಲಿ ನೋಟ್‌ಬುಕ್ಕುಗಳನ್ನು ಬಿಚ್ಚಿಟ್ಟುಕೊಂಡು, ಚಕ್ಕಂಬಕ್ಕಳ ಹಾಕಿ, ಒಂದೊಂದು ಸಂಖ್ಯೆಯ ಮೇಲೂ ಬೆರಳು. ಅಕ್ಷರ ನೋಡಿದ ಕೂಡಲೇ, "ಇದು ಮಕ್ಕಳ ಕೈ ಅಲ್ಲ" ಎಂದರು, ಅಷ್ಟೆ. ಬೆರಳು ಇಳಿಯುತ್ತ ಬಂತು. ಮೂರರ ಮೇಲೆ ನಿಂತಿತು.

"ಇಲ್ಲಿ ಸೊನ್ನೆ ಇದೆ. ಅಲ್ಲಿ ಮೂರು ಎಲ್ಲಿಂದ ಬಂತು?"

ನಾನು ಹೇಳಿದೆ. ಅಪ್ಪ ಇಲ್ಲದ ಮಗು, ಅಜ್ಜಿ ಬರ್ತಾರೆ, ಎಲ್ಲರ ಮುಂದೆ ಹೇಗೆ ಮೇಡಂ, ಪಾಪ ಅನ್ನಿಸ್ತು, ಅದಕ್ಕೆ ಎಂದು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಪಾಪ ಅನ್ನಿಸಿದ್ದು ತಪ್ಪಲ್ಲ. ಅವಳು ಎಷ್ಟು ಹೊತ್ತು ಕೂತಿದ್ಲು ಅಂತ ಕೇಳಿದ್ಯಾ?"

"ಇಲ್ಲ ಮೇಡಂ."

"ಹೋಗಿ ಕೇಳು. ಅಪ್ಪುರಂ ಬಾ."

ಕಯಲ್ ಕಾರಿಡಾರಿನಲ್ಲಿ ನೀರಿನ ಬಾಟಲಿ ತುಂಬಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ. ಅವಳು ತಮಿಳಿನಲ್ಲಿ ನಿಧಾನವಾಗಿ ಹೇಳಿದಳು. ಹನ್ನೆರಡಕ್ಕೆ ಅನ್ನ ಇಟ್ಟದ್ದು. ಕಾಲು ಗಂಟೆಗೆ ಸೊನ್ನೆ. ಆಮೇಲೂ ಕೂತಳು, ಮೂರು ಗಂಟೆಯವರೆಗೆ, ಟೆರೇಸಿನ ಬಿಸಿಲಿನಲ್ಲಿ, ತಲೆಗೆ ಟವೆಲ್ ಹಾಕಿಕೊಂಡು. ಅಜ್ಜಿ ಹಸಿದಿದ್ದರು. ಅಜ್ಜಿ ಅಳುತ್ತಿದ್ದರು ಕೂಡ, ನನ್ನ ಮಗನಿಗೆ ನಮ್ಮ ಮೇಲೆ ಕೋಪ ಎಂದು.

"ಕಾಕಾ ವರಲೆ, ಮಿಸ್," ಎಂದಳು, ಕಾಗೆ ಬರಲಿಲ್ಲ ಎಂದು. "ಒಂದು ಅಂತ ಬರೆದುಬಿಡೋಣ ಅನ್ನಿಸಿತು. ಆದರೆ ಬರಲಿಲ್ಲವಲ್ಲ."

ಅವಳ ಬಾಟಲಿಗೆ ಮುಚ್ಚಳ ಹಾಕಿಕೊಟ್ಟೆ. ಅವಳೇ ಮುಂದುವರಿಸಿದಳು. ಸುಮ್ಮನೆ ಕೂತು ಬೇಜಾರಾಗಿ ಅಕ್ಕಪಕ್ಕದ ಟೆರೇಸುಗಳನ್ನು ಎಣಿಸಿದಳಂತೆ. ಹನ್ನೊಂದು ಟೆರೇಸಿನಲ್ಲಿ ಎಲೆ ಹಾಕಿ ಅನ್ನ ಇಟ್ಟಿದ್ದರು. ಬೇರೆ ದಿನ ಅವಳ ಮನೆಯ ಸುತ್ತ ಅನ್ನ ಇಡುವುದು ಎರಡೋ ಮೂರೋ ಮನೆಯವರು. ಕಾಗೆಗಳೆಲ್ಲ ಆ ಕಡೆಯ ದೊಡ್ಡ ಫ್ಲಾಟುಗಳ ಮೇಲೇ ತಿಂದು ಮುಗಿಸುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

"ಎಲ್ಲರ ಮನೆಯಲ್ಲೂ ಅನ್ನ ಇತ್ತು ಮಿಸ್. ಅದಕ್ಕೇ ಬರಲಿಲ್ಲ. ಅಪ್ಪನಿಗೆ ಕೋಪ ಅಂತಲ್ಲ."

ಒಂಬತ್ತು ವರ್ಷದ ಹುಡುಗಿ ಮೂರು ಗಂಟೆ ಬಿಸಿಲಲ್ಲಿ ಕೂತು ಇದನ್ನು ಕಂಡುಕೊಂಡಿದ್ದಳು. ಅದರ ಸಾಕ್ಷಿ ಆ ಸೊನ್ನೆ. ನಾನು ಅದನ್ನು ತೆಗೆದು ನನ್ನ ಕರುಣೆಯ ಮೂರನ್ನು ಕೂರಿಸಿದ್ದೆ. ಮಾರನೆಯ ದಿನ ಅವಳು ಆ ಚಾರ್ಟಿನ ಮುಂದೆ ನಿಂತಿದ್ದರೆ ಅವಳ ಮಾತನ್ನು ಅವಳ ಚಾರ್ಟೇ ಸುಳ್ಳು ಮಾಡುತ್ತಿತ್ತು.

ಹಿಂದಿರುಗಿ ಬಂದು, "ನನಗೆ ಈ ಕೆಲ್ಸ ಬೇಡ ಮೇಡಂ, ನಾನು ಇದಕ್ಕೆ ಲಾಯಕ್ಕಿಲ್ಲ" ಎಂದು ಅತ್ತೆ. ನಿಜವಾಗಿಯೂ ಬಿಡುವುದೆಂದೇ ಇದ್ದೆ. ಅವರು ಬಿಸ್ಕೆಟ್ ಡಬ್ಬಿಯನ್ನು ತಂದು ನನ್ನ ಮುಂದೆ ಬಗ್ಗಿಸಿದರು. ಬಣ್ಣಬಣ್ಣದ ರಬ್ಬರುಗಳು ಮೇಜಿನ ತುಂಬ ಉರುಳಿದವು. ಅವುಗಳಲ್ಲಿ ಹುಡುಕಿ, ಮೂಲೆ ಸವೆದು ಕಲ್ಲಿನಂತಾದ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ಇದು ನಂದು. ಡಬ್ಬಿಗೆ ಮೊದಲು ಬಿದ್ದದ್ದು. ಕಾಸಿಮೇಡು ಮೀನು ಬಂದರಿನಿಂದ ಬರ್ತಿದ್ದ ಒಬ್ಬ ಹುಡುಗ, ನನ್ನ ಮೊದಲನೇ ಶಾಲೆಯಲ್ಲಿ. ಮೀನು ಹರಾಜಿನಲ್ಲಿ ಯಾವ ಮೀನು ಎಷ್ಟು ಹೊತ್ತಿಗೆ ಖಾಲಿ ಆಗತ್ತೆ ಅಂತ ಬರೆದು ತಂದಿದ್ದ. ಇಷ್ಟು ಬೇಗ ಖಾಲಿಯಾಗತ್ತಾ, ಚುಮ್ಮಾ ಬರೆದಿದ್ದಾನೆ ಅಂತ ನಾನೇ ಅಳಿಸಿ ತಿದ್ದಿಬಿಟ್ಟೆ. ಮೀನಿನ ವಿಷಯ ನನಗೇನು ಗೊತ್ತು? ನಮ್ಮನೇಲಿ ಮೀನಿನ ಹೆಸರೂ ಹೇಳಲ್ಲ. ಅವನು ನೋಡಿದ. ಆಮೇಲೆ ಒಂದು ದಿನವೂ ಏನೂ ಬರೆದು ತರಲಿಲ್ಲ." ಉಳಿದ ರಬ್ಬರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. "ನಿನ್ನ ಹುಡುಗಿ ಇನ್ನೂ ನೋಡಿಲ್ಲ. ನಿನಗೆ ನಾಳೆವರೆಗೆ ಟೈಮ್ ಇದೆ."

ಹೊಸ ಚಾರ್ಟ್ ಬರೆಯುತ್ತೇನೆ ಎಂದೆ. ಬೇಡವೆಂದರು. "ಒಂದೇ ಗೆರೆ ಎಳಿ. ಮೂರು ಕಾಣ್ಲಿ. ಪಕ್ಕದಲ್ಲಿ ಸೊನ್ನೆ ಬರಿ. ತಿದ್ದಿದ್ದು ಯಾರು ಅಂತ ನಿನ್ನ ಹೆಸರು ಹಾಕು. ತಪ್ಪು ಮಾಡಿದ್ರೆ ಮಾತ್ರ ಟೀಚರ್ ಹೆಸರು ಬರ್ಬಹುದು."

ಹಾಗೇ ಮಾಡಿದೆ. ಬೆಳಗ್ಗೆ ಕಯಲ್‌ಳನ್ನು ಮೊದಲೇ ಕರೆದು ತೋರಿಸಿ, ಹೀಗೆ ಮಾಡಿಬಿಟ್ಟಿದ್ದೆ ಎಂದು ಹೇಳಿದೆ. ಅವಳು ಗೆರೆ ಎಳೆದ ಮೂರನ್ನು ನೋಡಿ, ನನ್ನ ಸಹಿ ನೋಡಿ, "ಪರವಾಯಿಲ್ಲೆ ಮಿಸ್, ಪೆನ್ನಲ್ಲಿ ತಾನೆ ತಿದ್ದಿದ್ದೀರಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಪ್ರದರ್ಶನಕ್ಕೆ ಅವಳ ಅಜ್ಜಿ ಬಂದಿದ್ದರು, ಮಡಿಸಿದ ಕೊಡೆಯೊಂದನ್ನು ಊರಿಕೊಂಡು. ಮಾತೇ ಆಡದ ಹುಡುಗಿ ಅಂದು ಸ್ಕೇಲಿನಿಂದ ಚಾರ್ಟನ್ನು ತೋರಿಸುತ್ತ ಮಾತಾಡಿದಳು. ಅಮಾವಾಸ್ಯೆಯಂದು ನಮ್ಮ ಆರು ಮನೆಗೂ ಕಡಿಮೆ ಕಾಗೆ ಬಂದವು. ನಮ್ಮ ಮನೆಗೆ ಸೊನ್ನೆ. ನಮ್ಮ ಸುತ್ತ ಹನ್ನೊಂದು ಮನೆಯವರು ಅನ್ನ ಇಟ್ಟಿದ್ದರು. ಮಾರನೆಯ ದಿನ ನಮ್ಮ ಮನೆಗೆ ಐದು ಬಂದವು. ಕಾಗೆಗೆ ಅಮಾವಾಸ್ಯೆ ಗೊತ್ತೋ ಇಲ್ಲವೋ ಇನ್ನೂ ತಿಳಿದಿಲ್ಲ. ಆದರೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಒಂದು ಅಮಾವಾಸ್ಯೆ ಸಾಲದು, ಇನ್ನೂ ಎಣಿಸುತ್ತೇವೆ.

ಅಜ್ಜಿ ಬಹಳ ಹೊತ್ತು ಚಾರ್ಟಿನ ಮುಂದೆಯೇ ನಿಂತರು. ಓದು ಬರದಿದ್ದವರು, ಸೊನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಹಾಗಾದರೆ ಮುಂದಿನ ಅಮಾವಾಸ್ಯೆಗೆ ಎಲ್ಲರಿಗಿಂತ ಮುಂಚೆ ಇಟ್ಟುಬಿಡ್ತೀನಿ, ಹತ್ತು ಗಂಟೆಗೇ" ಎಂದು ತಮಿಳಿನಲ್ಲಿ ಘೋಷಿಸಿದರು. ಹಿಂದೆ ನಿಂತಿದ್ದ ಪೆರಿಯ ಮಿಸ್ ನಕ್ಕ ನಗು ಮುಂದಿನ ಕೋಣೆಗೂ ಕೇಳಿಸಿತು. ನನಗೆ ಆಗ ಬಂದ ಹೆಮ್ಮೆಯಂಥದ್ದು ನನ್ನ ಅಕ್ಷರಕ್ಕೆ ಬಹುಮಾನ ಬಂದಾಗಲೂ ಬಂದಿರಲಿಲ್ಲ.

ಮುಂದಿನ ತಿಂಗಳು ಅಜ್ಜಿ ಹತ್ತಕ್ಕೇ ಇಟ್ಟರು. ನಾಲ್ಕು ಬಂದವು. ಕಯಲ್ ಹತ್ತನೇ ಕ್ಲಾಸಿನವರೆಗೆ ಅಮಾವಾಸ್ಯೆಗಳನ್ನು ಎಣಿಸಿದಳು. ನಮ್ಮ ಶಾಲೆ ಬಿಟ್ಟು ಬಹಳ ದಿನವಾದ ಮೇಲೂ ನೋಟ್‌ಬುಕ್ಕು ತಂದು ಪೆರಿಯ ಮಿಸ್ಸಿಗೆ ತೋರಿಸಿ ಹೋಗುತ್ತಿದ್ದಳು. ಅಮಾವಾಸ್ಯೆಯ ಮಧ್ಯಾಹ್ನ ಇಟ್ಟರೆ ಕಡಿಮೆ, ಯಾವಾಗಲೂ ಕಡಿಮೆ. ಪೆರಿಯ ಮಿಸ್ ರಿಟೈರ್ ಆದ ಮೇಲೂ ಶನಿವಾರ ಫ್ಲಾಸ್ಕು ಹಿಡಿದು ಬರುವುದನ್ನು ಬಿಡಲಿಲ್ಲ. ಮಂಡಿ ನೋವು ಹೆಚ್ಚಾಗಿ ರೈಲಿನ ಮೆಟ್ಟಿಲು ಹತ್ತಲಾಗದೆ ಹೋದಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಈಗ ಹೊಸ ಟೀಚರುಗಳ ರಬ್ಬರನ್ನು ನಾನು ಕಿತ್ತುಕೊಳ್ಳುತ್ತೇನೆ. ಅವರೂ ಮನೆಗೆ ಹೋಗಿ ಏನೋ ಹೇಳಿಕೊಂಡು ನಗುತ್ತಿರಬಹುದು.

ಈ ವರ್ಷ ಅವರು ಹೋದರು. ಹತ್ತನೆಯ ದಿನ ಹತ್ತಿರದವರು ಬಂದುಹೋಗುವ ದಿನ. ಅವರ ಮಗಳು ಫೋನ್ ಮಾಡಿ ಕರೆದಿದ್ದಳು. ತಿರುವಲ್ಲಿಕ್ಕೇಣಿಯ ಆ ಹಳೆಯ ಮನೆಯ ತಾರಸಿಯ ಮೇಲೆ, ಕಟ್ಟೆಗೋಡೆಯ ಮೇಲೊಂದು ಎಲೆ, ಎಲೆಯ ಮೇಲೆ ಕಾಗೆಗಿಟ್ಟ ಪಿಂಡ. ನಾನು ಹೋದಾಗ ಎಲ್ಲರೂ ನೆರಳಿಗೆ ಸರಿದು ಆಕಾಶ ನೋಡುತ್ತ ನಿಂತಿದ್ದರು. ಇಟ್ಟು ಮುಕ್ಕಾಲು ಗಂಟೆಯಾಗಿತ್ತು. ಮಗ ಕಾ ಕಾ ಎಂದು ಕರೆದು ಕರೆದು ಗಂಟಲು ಕಟ್ಟಿಸಿಕೊಂಡಿದ್ದ. ಕಾಗೆ ಬಂದಿರಲಿಲ್ಲ.

ಪುರೋಹಿತರು ಮೆಲ್ಲಗೆ ಕೇಳಿದರು: "ಅವ್ರಿಗೆ ಏನಾದ್ರೂ ಆಸೆ ಉಳ್ದಿತ್ತಾ? ನೆನಪು ಮಾಡ್ಕೊಳ್ಳಿ. ನಡೆಸ್ಕೊಡ್ತೀವಿ ಅಂತ ಮಾತು ಕೊಡಿ."

ಮಗಳು ಅಳತೊಡಗಿದಳು. ಕೊನೆಯ ತಿಂಗಳು ಅಮ್ಮ ಏನೋ ಕೇಳಿದ್ದಳು, ನನಗೆ ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಕೇಳೋಣ ಎಂದುಕೊಂಡೆ ಎಂದು ಬಿಕ್ಕುತ್ತ ನನ್ನ ಕೈ ಹಿಡಿದಳು. "ಅಮ್ಮಂಗೆ ನಮ್ ಮೇಲೆ ಕೋಪಾನಾ ಅಕ್ಕಾ?"

ಆಗಲೇ ನನಗೆ ಹೊಳೆದದ್ದು. ತಿರುಗಿ ಸುತ್ತ ನೋಡಿದೆ. ಪಕ್ಕದ ತಾರಸಿಯಲ್ಲಿ ಎಲೆ. ಅದರಾಚೆ ನೀರಿನ ಟ್ಯಾಂಕಿನ ಮೇಲೆ ಎಲೆ. ಎದುರು ಬೀದಿಯ ಮನೆಗಳಲ್ಲಿ ಸಾಲಾಗಿ ಎಲೆ. ಅಂದು ಅಮಾವಾಸ್ಯೆ.

"ಕೋಪ ಅಲ್ಲ ಕಣೆ," ಎಂದೆ. "ಇವತ್ತು ಊರ ತುಂಬಾ ಅನ್ನ ಇದೆ. ಮಧ್ಯಾಹ್ನ ಇಟ್ರೆ ಕಾಗೆ ಕಡಿಮೆ. ಇದು ನಾನು ಹೇಳ್ತಿರೋದಲ್ಲ, ನಮ್ಮ ಮಕ್ಕಳು ಆರು ವರ್ಷ ಎಣಿಸಿದ್ದಾರೆ. ನಿಮ್ಮಮ್ಮನೇ ಎಣಿಸ್ಲಿ ಅಂದಿದ್ದು."

ಅವಳು ಅಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಮ್ಮ ಕಾಗೆ ಎಣಿಸಿದ್ಲಾ?" ಎಂದು ಕೇಳಿ, ಆ ದುಃಖದಲ್ಲೂ ನಕ್ಕುಬಿಟ್ಟಳು. ಪುರೋಹಿತರು ಎದುರಿನ ತಾರಸಿಗಳತ್ತ ಕಣ್ಣು ಹಾಯಿಸಿ, "ಅದೂ ಸರಿಯೇ, ಕೊಂಚ ಕಾಯೋಣ" ಎಂದು ಕೂತರು.

ಮಗಳು ಕೆಳಗೆ ಹೋಗಿ ಅವರ ಬಟ್ಟೆಯ ಚೀಲ ತಂದಳು. ಟೇಪು, ದಾರ, ಭೂತಗನ್ನಡಿ, ಖಾಲಿ ಹುರಿಗಡಲೆ ಪೊಟ್ಟಣ, ತಳದಲ್ಲಿ ಒಂದು ನೋಟ್‌ಬುಕ್ಕು. ಅರ್ಧ ಹಾಳೆಗಳು ಖಾಲಿ ಇದ್ದವು. ಪೆನ್ನು ತೆಗೆದು ತಾರೀಖು ಬರೆದೆ. ಹೊತ್ತು ಬರೆದೆ. ಕಾಣುವ ತಾರಸಿಗಳನ್ನು ಇಬ್ಬರೂ ಸೇರಿ ಎಣಿಸಿದೆವು, ಹದಿನಾಲ್ಕು ಎಲೆ. ಬಂದ ಕಾಗೆ ಎಂಬಲ್ಲಿ ಒಂದು ದುಂಡನೆಯ ಸೊನ್ನೆ ಬರೆದೆ.

ಇಷ್ಟು ವರ್ಷಗಳಲ್ಲಿ ಶಾಲೆಯ ಯಾವುದೋ ಬೀರುವಿನಲ್ಲಿರುವ ಒಂದೇ ಒಂದು ಚಾರ್ಟಿನ ಮೇಲೆ ನನ್ನ ಹೆಸರಿದೆ, ತಿದ್ದಿದವಳು ಎಂದು. ಅಂದು ಆ ಹಾಳೆಯ ಕೆಳಗೆ ಎಣಿಸಿದವರು ಎಂದು ಬರೆದು ಮೊದಲು ಮಗಳ ಹೆಸರನ್ನೂ ಅದರ ಕೆಳಗೆ ನನ್ನ ಹೆಸರನ್ನೂ ಬರೆದೆ. ಆಮೇಲೆ ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಇಬ್ಬರೂ ಮತ್ತೆ ಕಾಯುತ್ತ ಕೂತೆವು.